ಕೊಟ್ಟವರ ಮುಂದೆ

ಪಕ್ಕದ ಮನೆಯ ಪೇಂಟರನ ಹೆಂಡತಿಗೆ ಅಳಲು ಬರುತ್ತದೆ. ನನಗೆ ಬರುವುದಿಲ್ಲ. ಅವಳ ಮಗಳು ಶಾಲೆಗೆ ಹೋಗುತ್ತಾಳೆ. ನನ್ನ ಮಗಳು ಮನೆಯಲ್ಲಿ ಕೂತಿದ್ದಾಳೆ.

ನಮ್ಮ ನಗರದಲ್ಲಿ ಒಂದು ಸಂಸ್ಥೆಯಿದೆ. ಉಳ್ಳವರಿಂದ ದಾನ ಎತ್ತಿ ಇಲ್ಲದವರಿಗೆ ಹಂಚುತ್ತದೆ. ಒಂದು ಕುಟುಂಬಕ್ಕೆ ಒಬ್ಬ ಪೋಷಕರು. ಪೋಷಕರು ಸಿಕ್ಕರೆ ಮನೆಗೆ ದಿನಸಿ ಬರುತ್ತದೆ, ಮಗುವಿನ ಫೀಸನ್ನು ಅವರೇ ಕಟ್ಟುತ್ತಾರೆ. ಅದಕ್ಕೆ ಮೊದಲು ಸಂಸ್ಥೆಯ ಮೇಡಂ ಮನೆಗೆ ಬಂದು ನೋಡಬೇಕು. ಜೊತೆಗೆ ಕ್ಯಾಮೆರಾ ಹಿಡಿದವನೊಬ್ಬ ಬರುತ್ತಾನೆ. ನಮ್ಮ ಕಷ್ಟವನ್ನು ನಾವು ಹೇಳಿಕೊಳ್ಳಬೇಕು. ಅಳಬೇಕು ಎಂದು ಯಾರೂ ಹೇಳುವುದಿಲ್ಲ. ಆದರೆ ಪೋಷಕರು ಸಿಕ್ಕಿರುವುದು ಅತ್ತವರಿಗೇ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂದು ದಿನ ಅವನು ಲಿಫ್ಟಿನ ತಳದ ಗುಂಡಿಯಲ್ಲಿದ್ದಾಗ ಲಿಫ್ಟ್ ಕೆಳಗೆ ಬಂತು. ತಪ್ಪು ಅವನದೇ ಎಂದು ಕಂಪನಿ ಹೇಳಿತು. ಮೇಡಂ ಬಂದ ದಿನ ನಾನು ಹೇಳಿದ್ದೂ ಇಷ್ಟೇ.

"ಆಮೇಲೆ?" ಎಂದರು ಮೇಡಂ.

"ಆಮೇಲೆ ಏನಿಲ್ಲ. ಹೋಗಿಬಿಟ್ರು."

"ಸುದ್ದಿ ಕೇಳಿದಾಗ ನಿಮಗೆ ಏನನ್ನಿಸ್ತು?"

"ಏನೂ ಅನ್ನಿಸ್ಲಿಲ್ಲ."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಮೇಡಂ ನನ್ನ ಪುಸ್ತಕದ ಕಪಾಟು ನೋಡಿದರು.

"ಎಲ್ಲೀವರೆಗೆ ಓದಿದೀರಮ್ಮ?"

"ಎಂ.ಎ. ಚರಿತ್ರೆ. ಕಾಲೇಜಲ್ಲಿ ಸ್ವಲ್ಪ ದಿನ ಪಾಠ ಮಾಡ್ತಿದ್ದೆ. ಹೆರಿಗೆಗೆ ಅಂತ ಹೋದೆ. ವಾಪಸ್ ಬರೋ ಹೊತ್ತಿಗೆ ನನ್ನ ಜಾಗದಲ್ಲಿ ಬೇರೆಯವರಿದ್ರು."

ಅವರ ಮುಖ ಸಪ್ಪಗಾಯಿತು. "ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ನೋಡಿದ್ರೆ ಕಷ್ಟದಲ್ಲಿರೋರ ಥರ ಕಾಣಲ್ಲ. ನಾನು ಪೋಷಕರಿಗೆ ಏನಂತ ತೋರಿಸ್ಲಿ?"

ಮೂಲೆಯಲ್ಲಿ ಕೂತಿದ್ದ ಅತ್ತೆ ಸೆರಗು ಸರಿಪಡಿಸಿಕೊಂಡರು. "ನಾನು ಅಳ್ಲಾ ತಾಯಿ? ಹೆತ್ತವಳು ನಾನು. ಎಷ್ಟು ಬೇಕೋ ಅಷ್ಟು ಅಳ್ತೀನಿ."

"ವಯಸ್ಸಾದವರು ಅತ್ರೆ ಜನ ಅಷ್ಟಾಗಿ ನೋಡಲ್ಲ ಅಜ್ಜಿ," ಎಂದರು ಮೇಡಂ. ಸಂಕೋಚದಿಂದಲೇ ಹೇಳಿದರು. ಕೆಟ್ಟವರಲ್ಲ ಅವರು.

ಅಲ್ಲಿಂದ ಪಕ್ಕದ ಮನೆಗೆ ಹೋದರು. ಪೇಂಟರ್ ಬಣ್ಣ ಬಳಿಯಲು ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ನಮ್ಮೆರಡು ಮನೆಗೂ ಇರುವುದು ಒಂದೇ ಗೋಡೆ. ಅವಳು ಅಳುವುದು ನನಗೆ ಕೇಳಿಸಿತು. ಮೊದಲು ಸಣ್ಣಗೆ ಮೂಗೆಳೆದಳು. ಆಮೇಲೆ ಮಾತು ತಡವರಿಸಿತು. ಆಮೇಲೆ ಕಟ್ಟೆ ಒಡೆಯಿತು. ಕ್ಯಾಮೆರಾದವನು "ಹಾಗೇ ಇರಿ ಅಕ್ಕ, ಹಾಗೇ ಇರಿ" ಎನ್ನುತ್ತಿದ್ದ. ಅವಳು ಹಾಗೇ ಇದ್ದಳು. ಅವಳ ಗಂಡ ಬದುಕಿದ್ದ. ಸತ್ತವನು ನನ್ನ ಗಂಡ. ಅಳು ಅವಳದಾಯಿತು, ಪೋಷಕರೂ ಅವಳಿಗಾದರು.

ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಂದು.

ಮೇಡಂ ಹೋಗುವ ಮುಂಚೆ ಮತ್ತೆ ನಮ್ಮ ಬಾಗಿಲಿಗೆ ಬಂದರು. "ಸುಮ್ನೆ ಕೂರೋ ಬದಲು ನಮ್ಮ ಗೋದಾಮಿಗೆ ಬನ್ನಿ. ಸಂಬಳ ಅಂತ ಇಲ್ಲ, ಸೇವೆ ಅಂದ್ಕೊಳ್ಳಿ. ತಿಂಗಳಿಗೊಂದು ದಿನಸಿ ಚೀಲ ಕೊಡ್ತೀವಿ."

ಹೋದೆ.

ದಾನವಾಗಿ ಬಂದ ಬಟ್ಟೆಯೆಲ್ಲ ಆ ಗೋದಾಮಿಗೆ ಬಂದು ಬೀಳುತ್ತದೆ. ಕಿಟಕಿಯಿಲ್ಲ. ಲಾರಿ ಬಾಗಿಲಿಗೇ ಬಂದು ಮೂಟೆ ಉರುಳಿಸಿ ಹೋಗುತ್ತದೆ. ನಾವು ಏಳೆಂಟು ಹೆಂಗಸರು ನೆಲದ ಮೇಲೆ ಕೂತು ಬಿಚ್ಚುತ್ತೇವೆ. ಮೂರು ರಾಶಿ ಮಾಡಬೇಕು. ಒಳ್ಳೆಯದು ಮಹಡಿಯ ಮೇಲಿನ ಅಂಗಡಿಗೆ, ಮಾರಾಟಕ್ಕೆ. ನಡುವಿನದು ಬಡಕುಟುಂಬಗಳಿಗೆ. ಹರಿದದ್ದು ಕಾರ್ಖಾನೆಗೆ, ಯಂತ್ರ ಒರೆಸಲು. ದೂಳು ಗಂಟಲಲ್ಲಿ ಕೂರುತ್ತದೆ. ಜಿಪ್ಪಿನ ಹಲ್ಲು ಬೆರಳು ಕೊಯ್ಯುತ್ತದೆ. ಯಾರದೋ ಬೆವರು, ಯಾರದೋ ಮಗುವಿನ ಉಚ್ಚೆ, ಯಾರದೋ ಸೆಂಟು. ಮೂಸಿ ನೋಡಿ ಬೇರ್ಪಡಿಸುವ ಕೆಲಸವದು. ಸಂಜೆ ಮನೆಗೆ ಬಂದರೆ ಮಗಳು ಮೂಗು ಮುಚ್ಚಿಕೊಳ್ಳುತ್ತಿದ್ದಳು.

ನಮ್ಮಲ್ಲಿ ಹಿರಿಯವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಂ.ಎ. ಮಾಡಿದೀಯಂತೆ?"

"ಹೂಂ."

"ನಾನು ಏನೂ ಮಾಡಿಲ್ಲ. ಆದ್ರೂ ಇಬ್ರೂ ಒಂದೇ ಚಡ್ಡಿ ಮೂಸ್ತಾ ಇದೀವಿ ನೋಡು."

ಎಲ್ಲರೂ ನಕ್ಕರು. ನಾನೂ ನಗಬೇಕಿತ್ತು. ನಗಲಿಲ್ಲ.

ಅಲ್ಲಿ ಒಂದು ಕಟ್ಟುನಿಟ್ಟಿದೆ. ರಾಶಿಯಿಂದ ಅಂಗಿಯ ಒಂದು ಗುಂಡಿಯನ್ನೂ ಒಯ್ಯುವಂತಿಲ್ಲ. ಹೋಗುವಾಗ ಬಾಗಿಲಲ್ಲಿ ಮೇಲ್ವಿಚಾರಕ ನಮ್ಮ ಚೀಲ ಕೊಡವಿ ನೋಡುತ್ತಾನೆ. ಕೆಲವರ ಸೊಂಟವನ್ನೂ ತಡವುತ್ತಾನೆ. ದೊಡ್ಡಕ್ಕ ಅವನಿಗೆ, "ತಡವು ತಡವು, ನಿಮ್ಮಪ್ಪ ಇಟ್ಟು ಮರೆತದ್ದೇನಾದ್ರೂ ಸಿಕ್ಕೀತು" ಎನ್ನುತ್ತಾಳೆ. ಅವನು ಕೈ ತೆಗೆಯುತ್ತಾನೆ. ಬೇರೆಯವರ ಸೊಂಟದಿಂದ ತೆಗೆಯುವುದಿಲ್ಲ.

ಒಂದು ಮಧ್ಯಾಹ್ನ ಮೂಟೆಯಿಂದ ಒಂದು ಬೂದು ಸ್ವೆಟರು ಬಂತು. ಎಡ ಮೊಣಕೈಗೆ ನೀಲಿ ದಾರದ ಹೊಲಿಗೆ. ಬೂದು ದಾರ ಸಿಕ್ಕಿರಲಿಲ್ಲವೆಂದು ನಾನೇ ನೀಲಿಯಲ್ಲಿ ಹೊಲಿದದ್ದು. "ಚೆನ್ನಾಗಿದೆ ಬಿಡು, ಮೊಣಕೈಗೊಂದು ಕಣ್ಣು ಬಂತು," ಎಂದಿದ್ದ ನನ್ನ ಗಂಡ.

ಅವನು ಹೋದ ಹೊಸದರಲ್ಲಿ ಅತ್ತೆ ಅವನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ, ರಸ್ತೆಯ ತಿರುವಿನಲ್ಲಿ ಸಂಸ್ಥೆ ಇಟ್ಟಿದ್ದ ಪೆಟ್ಟಿಗೆಗೆ ಹಾಕಿ ಬಂದಿದ್ದರು. "ಅವನಿಗಂತೂ ಇನ್ನು ಚಳಿಯಾಗಲ್ಲ. ಆಗೋರು ಯಾರಾದ್ರೂ ಹಾಕ್ಕೊಳ್ಳಲಿ" ಎಂದಿದ್ದರು. ಆಗ ನಮ್ಮ ಮನೆಯಲ್ಲಿ ಇನ್ನೂ ಅಕ್ಕಿ ಇತ್ತು. ಕೊಡುವವರ ಸಾಲಿನಲ್ಲಿದ್ದೆವು.

ಸ್ವೆಟರನ್ನು ಮೂಸಿದೆ. ಬೇರೆ ಬಟ್ಟೆಯ ವಾಸನೆ ಹತ್ತಿಕೊಂಡಿತ್ತು. ಅವನ ವಾಸನೆ ಇರಲಿಲ್ಲ. ಮೇಲ್ವಿಚಾರಕ ನೋಡುತ್ತಿದ್ದ. ನಡುವಿನ ರಾಶಿಗೆ ಎಸೆದೆ.

ಅದನ್ನು ಮತ್ತೆ ಕಂಡದ್ದು ಪೇಂಟರನ ಮೈಮೇಲೆ.

ಸಹಾಯ ಸಿಕ್ಕ ಮೇಲೂ ಸಂಸ್ಥೆಯವರು ಆಗಾಗ ಬಂದು ನೋಡುತ್ತಿದ್ದರು. ಆ ಭೇಟಿಯ ದಿನ ಪೇಂಟರನ ಹೆಂಡತಿ ತನ್ನ ಮನೆಯ ಮಂಚ, ಕುರ್ಚಿ, ಮಿಕ್ಸಿ ಎಲ್ಲ ತಂದು ನಮ್ಮ ಮನೆಯಲ್ಲಿಡುತ್ತಿದ್ದಳು. ಗಂಡನನ್ನು ನೆಲದ ಚಾಪೆಗೆ ಇಳಿಸುತ್ತಿದ್ದಳು. ಅವಳು ಆ ಕಡೆ ಅಳುತ್ತಿದ್ದರೆ ನಾನು ಈ ಕಡೆ ಅವಳ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಅತ್ತೆ ಅವಳ ಮಂಚದ ಮೇಲೆ ಕಾಲು ಚಾಚಿ, "ಇವಳು ದಿನಾ ಅತ್ತರೆ ನನ್ನ ಬೆನ್ನುನೋವು ಹೋಗುತ್ತೆ" ಎನ್ನುತ್ತಿದ್ದರು. ಇತ್ತೀಚೆಗೆ ಆ ಸಾಮಾನಿನ ಜೊತೆ ಒಂದು ಊರುಗೋಲೂ ಬರತೊಡಗಿತು.

ಒಂದು ಬೆಳಿಗ್ಗೆ ಹಿತ್ತಲ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದೆ. ಅವರ ಹಿಂಬಾಗಿಲು ಅರ್ಧ ತೆರೆದಿತ್ತು. ಪೇಂಟರ್ ನಡೆಯುತ್ತಿದ್ದ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಹೆಂಡತಿಯ ಭುಜದ ಮೇಲೆ. ಗೋಡೆಯಿಂದ ಗೋಡೆಗೆ. ಅವಳು ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಸದ್ದಿಲ್ಲದೆ ನಕ್ಕರು. ಅವನು ತಿರುಗಿದಾಗ ಮೊಣಕೈ ಕಂಡಿತು. ನೀಲಿ.

ಬಿಂದಿಗೆ ತುಂಬಿ ಹರಿಯಿತು. ನನಗೆ ಗೊತ್ತಾಗಲಿಲ್ಲ.

ಅವಳ ದಿನಸಿಯ ಮೇಲೆ ನನಗೆ ಆಗ ಹೊಟ್ಟೆಕಿಚ್ಚಿರಲಿಲ್ಲ. ಆ ಭುಜದ ಮೇಲಿನ ಕೈಯ ಮೇಲಿತ್ತು. ಸುಳ್ಳು ಹೇಳಿ ಮಲಗಿಸಲಿಕ್ಕಾದರೂ ಅವಳಿಗೊಬ್ಬ ಗಂಡನಿದ್ದಾನೆ. ಅವನ ಮೈಗೆ ನನ್ನ ಗಂಡನ ಸ್ವೆಟರು.

ಅದೇ ವಾರ ಮೇಡಂ ಗೋದಾಮಿಗೆ ಬಂದರು. ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಮಗಳ ವಿಷಯ ನನ್ನ ತಲೇಲಿದೆ. ಆದ್ರೆ ಈ ಸಲ ಹೊಸ ಪೋಷಕರು ಯಾರೂ ಇಲ್ಲ. ಇರೋದ್ರಲ್ಲೇ ಒಂದು ಜಾಗ ಖಾಲಿಯಾಗಬೇಕು." ದನಿ ತಗ್ಗಿಸಿದರು. "ನಿಮ್ಮ ಪಕ್ಕದ್ಮನೆ ಪೇಂಟರ್ ಈಗ ಹೇಗಿದ್ದಾರೆ? ಎದ್ದು ಓಡಾಡ್ತಾರಂತೆ, ಹೌದಾ?"

ನಾನು ನನ್ನ ಬೆರಳು ನೋಡಿಕೊಂಡೆ. ಉಗುರಿನ ಸುತ್ತ ಸೀಳಿ ರಕ್ತ ಒಣಗಿತ್ತು.

"ಓಡಾಡ್ತಿದ್ರೆ ಅವರಿಗೆ ನಮ್ಮ ಸಹಾಯ ಇನ್ನು ಬೇಕಾಗಿಲ್ಲ ಅಲ್ವಾ? ಆ ಜಾಗ ನಿಮಗೇ. ನೀವು ಓದಿದವರು, ನಿಮ್ಮ ಮಾತನ್ನ ನಾನು ನಂಬ್ತೀನಿ."

ಇಲ್ಲ ಎನ್ನಬಹುದಿತ್ತು. ಹೌದು ಎನ್ನಬಹುದಿತ್ತು.

"ನೋಡಿ ಹೇಳ್ತೀನಿ," ಎಂದೆ.

ಅಂದು ಮನೆಗೆ ಬಂದಾಗ ಮಗಳು ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದ ಮನೆಯ ಹುಡುಗಿ ಶಾಲೆಯಿಂದ ಬರುವುದನ್ನು ಕಾಯುತ್ತಿದ್ದಳು. ಅವಳು ಬಂದ ಕೂಡಲೇ ಇವಳು ಅವಳ ಚೀಲ ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ಬಾಗಿಲಿಂದ ತಿರುವಿನವರೆಗೆ ಹೋಗಿ ಬಂದಳು. ಬಂದು ಚೀಲ ವಾಪಸು ಕೊಟ್ಟಳು.

ನಾನು ನೆಟ್ಟಗೆ ಪಕ್ಕದ ಮನೆಗೆ ನುಗ್ಗಿದೆ. ಪೇಂಟರನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಅವನು ಮಂಚದ ಮೇಲಿದ್ದ.

"ಅಕ್ಕ, ಅಣ್ಣ ಓಡಾಡ್ತಾರೆ. ನಾನು ನೋಡಿದೀನಿ. ಮೇಡಂ ನನ್ನನ್ನ ಕೇಳಿದ್ರು."

ಅವಳ ಕೈ ನಿಂತಿತು. "ಏನಂದೆ?"

"ಇನ್ನೂ ಏನೂ ಅಂದಿಲ್ಲ."

"ಹಾಗಾದ್ರೆ ಇಲ್ಲಿಗ್ಯಾಕೆ ಬಂದೆ ಟೀಚರಮ್ಮ? ಕಾಲು ಹಿಡೀಲಿ ಅಂತಾನಾ?"

"ಅಳಿ. ಮೇಡಂ ಮುಂದೆ ಅಳ್ತೀರಲ್ಲ. ನನ್ನ ಮುಂದೇನೂ ಒಂದು ಸಲ ಅಳಿ, ನೋಡೋಣ."

ಹೀಗೆ ಮಾತಾಡಬಲ್ಲೆನೆಂದು ನನಗೆ ಗೊತ್ತಿರಲಿಲ್ಲ. ಅವಳು ನನ್ನನ್ನೇ ನೋಡಿದಳು. ಅವಳ ಕಣ್ಣು ಒಣಗಿತ್ತು.

"ನಿನ್ನ ಮುಂದೆ ಯಾಕೆ ಅಳ್ಲಿ? ನೀನೇನು ಕೊಡ್ತೀಯ?" ಎಂದಳು. "ನೀನು ಗೋದಾಮಲ್ಲಿ ಬಟ್ಟೆ ಒದರ್ತೀಯ. ನಾನು ಮನೇಲಿ ಅಳ್ತೀನಿ. ಎರಡೂ ಕೂಲಿನೇ ಕಣೇ. ಅವರು ಹೋದ ಮೇಲೆ ಒಂದು ಚೊಂಬು ನೀರು ಕುಡಿದು ಮಲ್ಕೋತೀನಿ, ತಲೆ ಸಿಡೀತಿರುತ್ತೆ. ಇವರು ಗೋಡೆ ಕಡೆ ತಿರುಗಿ ಮಲ್ಕೋತಾರೆ. ಮಾರನೇ ದಿನದವರೆಗೂ ನನ್ನ ಜೊತೆ ಮಾತಾಡಲ್ಲ. ಅದು ಗೋಡೆಯಾಚೆ ನಿನಗೆ ಕೇಳಿಸಲ್ಲ."

ಪೇಂಟರ್ ಚಾವಣಿ ನೋಡುತ್ತ ಹೇಳಿದ. "ಹೇಳಿಬಿಡಮ್ಮ ಟೀಚರಮ್ಮ. ಬಿಸಿಲು ಕಂಡು ಎಷ್ಟು ಕಾಲ ಆಯ್ತೋ. ಊರಿನ ಗೋಡೆಗೆಲ್ಲ ಬಣ್ಣ ಬಳಿದವನು ಈ ಗೋಡೆ ನೋಡ್ಕೊಂಡು ಕೊಳೀತಾ ಇದೀನಿ."

"ನೀವು ಸುಮ್ನಿರಿ," ಎಂದಳು ಅವಳು. "ಕೊಳೀರಿ. ಮಗಳು ಓದ್ಲಿ."

ನನ್ನ ಕಣ್ಣು ಅವನ ಮೊಣಕೈ ಮೇಲಿತ್ತು. ಅವಳು ಅದನ್ನು ಗಮನಿಸಿದಳು. "ಏನದು ನೋಡ್ತಾ ಇರೋದು?"

"ಏನಿಲ್ಲ," ಎಂದು ಹೊರಬಂದೆ. ಒಂದು ಮಾತು ಹೇಳಿದ್ದರೆ ಬಿಚ್ಚಿ ಕೊಡುತ್ತಿದ್ದಳು. ಅದಕ್ಕೇ ಹೇಳಲಿಲ್ಲ. ಅವಳಿಂದ ಇಸಿದುಕೊಳ್ಳುವುದು ನನಗೆ ಬೇಕಿರಲಿಲ್ಲ.

ಭೇಟಿಯ ದಿನ ಬಂತು. ಈ ಸಲ ಪೋಷಕರೇ ಖುದ್ದಾಗಿ ಬರುವವರಿದ್ದರು. ಬೆಳಿಗ್ಗೆ ಎಂದಿನಂತೆ ಮಂಚ, ಕುರ್ಚಿ, ಮಿಕ್ಸಿ, ಊರುಗೋಲು ನಮ್ಮ ಮನೆಗೆ ಬಂದವು. ಅವಳು ನನ್ನ ಮುಖ ನೋಡಲಿಲ್ಲ. ನಾನು ಬೇಡ ಎನ್ನಲಿಲ್ಲ. ಮಂಚದ ಒಂದು ಕಡೆ ನಾನೇ ಹಿಡಿದೆ.

ಪೋಷಕರು ಒಬ್ಬ ಹಿರಿಯರು. ಬಿಳಿ ಶೂ. ಮೆತ್ತನೆಯ ಮಾತು. ಆ ಸಣ್ಣ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತರು. ಕ್ಯಾಮೆರಾದವನು ಒಳಗೆ ಹೋದ. ಮೇಡಂ ನನ್ನನ್ನೂ ಕರೆದರು. ಮಗಳು ನನ್ನ ಬೆನ್ನಿಗೇ ಬಂದಳು. ಅವಳ ಹಿಂದೆ ಅತ್ತೆ.

ಪೇಂಟರನ ಹೆಂಡತಿ ಚಾಪೆಯ ಪಕ್ಕ ಕೂತು ಶುರುಮಾಡಿದಳು. ಸಣ್ಣಗೆ ಮೂಗೆಳೆದಳು. ಮಾತು ತಡವರಿಸಿತು. ನನಗೆ ಅದರ ಏರಿಳಿತವೆಲ್ಲ ಬಾಯಿಪಾಠವಾಗಿತ್ತು. ಹತ್ತಿರದಿಂದ ನೋಡಿದ್ದು ಮಾತ್ರ ಅಂದೇ ಮೊದಲು. ಕುತ್ತಿಗೆಯ ನರಗಳು ಉಬ್ಬಿ ನಿಂತಿದ್ದವು. ಮೂಟೆ ಎತ್ತುವಾಗ ದೊಡ್ಡಕ್ಕನ ಕುತ್ತಿಗೆ ಹಾಗಾಗುತ್ತದೆ.

ಮೇಡಂ ನನ್ನತ್ತ ತಿರುಗಿದರು. "ಸಾರ್, ಇವರು ಪಕ್ಕದ ಮನೆಯವರು. ಎಂ.ಎ. ಓದಿದಾರೆ, ನಮ್ಮಲ್ಲಿ ಸೇವೆ ಮಾಡ್ತಾರೆ. ಹೇಳಿ ಅಮ್ಮ, ನೋಡಿ ಹೇಳ್ತೀನಿ ಅಂದಿದ್ರಲ್ಲ. ಪೇಂಟರ್ ನಡೀತಾರಾ?"

ಅಳು ನಿಂತಿತು. ನನ್ನ ಮಗಳು ನನ್ನ ಸೆರಗು ಹಿಡಿದು ಎಳೆದಳು. ಅವಳಿಗೂ ಗೊತ್ತು, ಅವನು ನಡೆಯುತ್ತಾನೆಂದು. ದಿನವೂ ಗೋಡೆಯಾಚೆ ಊರುಗೋಲಿನ ಸದ್ದು ಕೇಳುತ್ತಾಳೆ.

"ನಡೆದ್ರೆ ಏನ್ಮಾಡ್ತೀರಿ?" ಎಂದೆ.

"ಅಂದ್ರೆ?"

"ನಡೆದ್ರೆ ಅವರ ಅನ್ನ ತೆಗೀತೀರಾ?"

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಚಾಪೆಯಿಂದ ಪೇಂಟರ್ ಮಾತಾಡಿದ. "ಟೀಚರಮ್ಮ, ನನ್ನ ಕೋಲು ನಿಮ್ಮನೇಲಿದೆ. ತಂದುಕೊಡಮ್ಮ."

"ಬೇಡ ರೀ," ಎಂದಳು ಹೆಂಡತಿ.

ನಾನು ಹೋಗಿ ತಂದೆ. ಅವನು ಮೊಣಕಾಲೂರಿ, ಕೋಲು ಹಿಡಿದು, ಹಲ್ಲು ಕಚ್ಚಿ ಎದ್ದ. ಬಾಗಿಲವರೆಗೆ ನಡೆದ. ಬಿಸಿಲು ಬಿದ್ದ ಜಾಗದಲ್ಲಿ ನಿಂತ. ಉಸಿರು ಬಿಟ್ಟ.

ಸುಳ್ಳುಗಾರ ಎನ್ನುತ್ತಾರೆ ಎಂದುಕೊಂಡಿದ್ದೆ. ಹಿರಿಯರು ಚಪ್ಪಾಳೆ ತಟ್ಟಿದರು. ಅವರ ಕಣ್ಣು ತುಂಬಿತ್ತು. "ನೋಡಿದ್ರಾ! ನಮ್ಮ ಸಹಾಯ ಫಲ ಕೊಟ್ಟಿದೆ!" ಎಂದರು. ಕ್ಯಾಮೆರಾದವನು ಪೇಂಟರನ ಸುತ್ತ ಸುತ್ತಿದ. ಮೇಡಂ ಮುಖ ಅರಳಿತು. ಎಲ್ಲವೂ ಎಷ್ಟು ಬೇಗ ಮುಗಿಯಿತೆಂದರೆ, ಪೇಂಟರನ ಹೆಂಡತಿ ಇನ್ನೂ ಅಳುವ ಭಂಗಿಯಲ್ಲೇ ಕೂತಿದ್ದಳು.

"ಇನ್ನು ಇವರು ತಮ್ಮ ಕಾಲ ಮೇಲೆ ನಿಲ್ತಾರೆ ಸಾರ್. ನಿಮ್ಮ ಸಹಾಯಾನ ಈಗ ಈ ಕುಟುಂಬಕ್ಕೆ ಕೊಡಬಹುದು," ಎಂದು ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟರು. "ಚಿಕ್ಕ ವಯಸ್ಸಿಗೇ ಗಂಡನ್ನ ಕಳ್ಕೊಂಡವರು. ಮಗು ಶಾಲೆ ಬಿಟ್ಟಿದೆ." ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. "ಈಗ ಹೇಳಿ. ಒಂದೇ ನಿಮಿಷ. ಸ್ವಲ್ಪ ಮನಸ್ಸು ಬಿಚ್ಚಿ ಅತ್ತುಬಿಡಿ. ಮಗಳಿಗೋಸ್ಕರ."

ಬೇಕೆಂದು ಉರಿದುಕೊಂಡದ್ದೆಲ್ಲ ಕೈಗೆ ಬಂದಿತ್ತು. ಕ್ಯಾಮೆರಾ ನನ್ನತ್ತ ತಿರುಗಿತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳುವುದಿಲ್ಲ, ನಾನು ಪ್ರಯತ್ನಪಟ್ಟೆ. ಕಣ್ಣು ಮುಚ್ಚಿದೆ. ಲಿಫ್ಟಿನ ಗುಂಡಿ ನೆನೆಸಿಕೊಂಡೆ. ಏನೂ ಬರಲಿಲ್ಲ.

ಅಷ್ಟರಲ್ಲಿ ಹಿರಿಯರು ಪೇಂಟರನ ತೋಳು ಸವರಿದರು. "ಸ್ವೆಟರ್ ನಮ್ಮಿಂದಲೇ ಬಂದದ್ದಾ?"

"ಹೌದು ಸಾರ್, ದಾನಿಗಳದ್ದೇ," ಎಂದರು ಮೇಡಂ.

ಕಣ್ಣು ತೆರೆದೆ.

"ಆ ದಾನಿ ನಾನು," ಎಂದೆ.

ಯಾರಿಗೂ ಅರ್ಥವಾಗಲಿಲ್ಲ.

"ಅದು ನನ್ನ ಗಂಡಂದು. ಎಡ ಮೊಣಕೈ ನೋಡಿ, ನೀಲಿ ದಾರ. ಹೊಲಿದವಳು ನಾನು. ನಿಮ್ಮ ಪೆಟ್ಟಿಗೆಗೆ ಹಾಕಿದವರು ನಮ್ಮತ್ತೆ. ಮೂಸಿ ನೋಡಿ ರಾಶಿಗೆ ಎಸೆದವಳೂ ನಾನೇ. ಕೂಲಿ ಇಲ್ಲದೆ."

ಪೇಂಟರ್ ತನ್ನ ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ಕೊಟ್ಟವರ ಮುಂದೆ ಅಳಬೇಕು ಅನ್ನೋದು ನಿಮ್ಮ ಪದ್ಧತಿ ತಾನೆ ಮೇಡಂ? ನಾನು ಸ್ವೆಟರ್ ಕೊಟ್ಟಿದೀನಿ. ಗೋದಾಮಲ್ಲಿ ಬೆರಳು ಕೊಟ್ಟಿದೀನಿ. ನನ್ನ ಮುಂದೆ ಯಾರು ಅಳ್ತೀರಿ? ನೀವು ಅಳ್ತೀರಾ? ಸಾರ್ ಅಳ್ತಾರಾ? ಬನ್ನಿ, ಚಾಪೆ ಮೇಲೆ ಕೂತ್ಕೊಳ್ಳಿ. ಒಂದೇ ನಿಮಿಷ."

ಕ್ಯಾಮೆರಾದವನು ಕ್ಯಾಮೆರಾ ಇಳಿಸಲಿಲ್ಲ. ಮೇಡಂ ಅವನ ಕೈಯನ್ನು ಕೆಳಗೆ ತಳ್ಳಿದರು.

"ನಿಮಗೆ ಸಹಾಯ ಬೇಡ್ವಾ?" ಎಂದರು.

"ಬೇಕು. ಅಳಲ್ಲ. ಗೋದಾಮಿನ ಕೆಲಸಕ್ಕೆ ಕೂಲಿ ಕೊಡಿ. ನನ್ನ ಮಗಳ ಫೀಸು ನಾನು ಕಟ್ಕೋತೀನಿ."

"ಅದು ಸೇವೆ."

"ನಿಮ್ಮದು ಸಂಬಳದ ಸೇವೆ."

ಹಿರಿಯರು ನೆಲ ನೋಡುತ್ತ ಹೊರಗೆ ನಡೆದರು. ಕಾರು ಹೋಯಿತು. ನಾಳೆಯಿಂದ ಗೋದಾಮಿಗೆ ಬರಬೇಡ ಎಂದು ಮೇಡಂ ಹೋಗುತ್ತ ಹೇಳಿ ಹೋದರು. ನೀವು ಎನ್ನುತ್ತಿದ್ದವರು ಆಗ ನೀನು ಎಂದರು.

ಪೇಂಟರನ ಹೆಂಡತಿ ಎದ್ದು ಬಂದಳು. "ತಣ್ಣಗಾಯ್ತಾ ಹೊಟ್ಟೆ? ನನ್ನದೂ ಹೋಯ್ತು, ನಿನ್ನದೂ ಬರಲಿಲ್ಲ. ಎಂ.ಎ. ಅಂತೆ ಎಂ.ಎ.! ಕಣ್ಣಲ್ಲೆರಡು ಹನಿ ನೀರು ತರಿಸೋದು ಕಲಿಸಲಿಲ್ಲವಾ ನಿಮ್ಮ ಕಾಲೇಜಲ್ಲಿ?" ಎಂದಳು. ಆಮೇಲೆ ಅತ್ತಳು. ಈ ಅಳು ನನಗೆ ಬಾಯಿಪಾಠವಿರಲಿಲ್ಲ. ಅದರಲ್ಲಿ ಸದ್ದೇ ಇರಲಿಲ್ಲ.

ಪೇಂಟರ್ ಸ್ವೆಟರ್ ಬಿಚ್ಚಿ ನನ್ನ ಮುಂದೆ ಹಿಡಿದ. ನನ್ನ ಕೈ ಮುಂದಾಯಿತು. ಹಿಂದಕ್ಕೆ ಎಳೆದುಕೊಂಡೆ. ಅತ್ತೆ ಅದನ್ನು ಇಸಿದುಕೊಂಡು ಒಮ್ಮೆ ಎದೆಗೆ ಒತ್ತಿಕೊಂಡರು. ಮತ್ತೆ ಅವನ ಹೆಗಲಿಗೆ ಹಾಕಿದರು. "ಕೊಟ್ಟದ್ದು ಕೊಟ್ಟಾಯ್ತು. ಹಾಕ್ಕೊಳ್ಳಪ್ಪ. ನನ್ನ ಮುಂದೆ ಯಾರೂ ಅಳೋದು ಬೇಡ," ಎಂದರು.

ಮರುದಿನ ಬೆಳಿಗ್ಗೆ ಗೋದಾಮಿಗೆ ಹೊರಟೆ. ಒಳಗೆ ಹೋಗಲು ಅಲ್ಲ. ಮಾಡಿದ ಕೆಲಸದ ಕೂಲಿ ಕೇಳಲು. ಅತ್ತೆ, "ಕೊಡಲ್ಲ ಅವರು" ಎಂದರು. "ಗೊತ್ತು" ಎಂದೆ. ಗೇಟಿನ ಎದುರು ಕಲ್ಲಿನ ಮೇಲೆ ಕೂತೆ. ಮೇಲ್ವಿಚಾರಕ ಓಡಿಸಲು ಬಂದ. ನಾನು ಏಳಲಿಲ್ಲ. ಒಳಗಿನಿಂದ ದೊಡ್ಡಕ್ಕ ದೂಳು ಕೊಡವಿಕೊಳ್ಳುತ್ತ ಬಂದಳು.

"ಯಾಕೇ, ಚಡ್ಡಿ ಮೂಸಿ ಸಾಕಾಯ್ತಾ?"

"ಕೂಲಿ ಕೇಳ್ತಿದೀನಿ ದೊಡ್ಡಕ್ಕ."

ಅವಳು ಮೇಲ್ವಿಚಾರಕನನ್ನು ನೋಡಿದಳು. ಬಾಗಿಲಲ್ಲಿ ಬಿದ್ದ ಮೂಟೆಗಳನ್ನು ನೋಡಿದಳು. "ಸರಿ, ಆ ಕಡೆ ಸರಿ" ಎಂದು ನನ್ನ ಪಕ್ಕ ಕೂತಳು. ಒಳಗಿನಿಂದ ಇನ್ನಿಬ್ಬರು ಇಣುಕಿದರು. ಬಂದಿರಲಿಲ್ಲ ಇನ್ನೂ. ಇಣುಕುತ್ತಿದ್ದರು.

ಬಿಸಿಲೇರುವ ಹೊತ್ತಿಗೆ ರಸ್ತೆಯ ಆ ತುದಿಯಿಂದ ಊರುಗೋಲಿನ ಸದ್ದು ಕೇಳಿತು. ಪೇಂಟರ್ ನಡೆದು ಬರುತ್ತಿದ್ದ. ಇಡೀ ರಸ್ತೆಗೆ ಕಾಣುವಂತೆ. ಹೆಂಡತಿ ಪಕ್ಕದಲ್ಲಿದ್ದಳು. ಬಂದವಳೇ ನನ್ನ ಮುಖ ನೋಡದೆ, "ನಿನಗೋಸ್ಕರ ಬಂದಿಲ್ಲ. ಇವರು ಬಿಸಿಲಿಗೆ ಹೋಗ್ಬೇಕು ಅಂದ್ರು," ಎಂದಳು. ನೀರಿನ ಬಾಟಲಿಯನ್ನು ನನ್ನ ಪಕ್ಕ ಕುಕ್ಕಿ ಕೂತಳು.

ಅವನ ಕೈ ಅವಳ ಭುಜದ ಮೇಲಿತ್ತು. ಮೊಣಕೈಯ ನೀಲಿ ದಾರ ಬಿಸಿಲಿಗೆ ಹೊಳೆಯುತ್ತಿತ್ತು.

ನನ್ನ ಹೊಟ್ಟೆ ಇನ್ನೂ ಉರಿಯುತ್ತಿತ್ತು. ಆರಲಿ ಎಂದು ನಾನು ಕಾಯಲಿಲ್ಲ. ಪಕ್ಕಕ್ಕೆ ಸರಿದು ಅವನಿಗೂ ಜಾಗ ಮಾಡಿಕೊಟ್ಟೆ.